ಒರಲೆ ತಿಂದ ಸಾಲು

ನಮ್ಮ ಅಡಿಗೆಮನೆಯಲ್ಲಿ ಖಾಲಿ ಡಬ್ಬಿ ಎನ್ನುವುದು ಇಲ್ಲ. ಸಕ್ಕರೆ ಮುಗಿದ ಡಬ್ಬಿಯಲ್ಲಿ ಸಂಜೆಯೊಳಗೆ ಹುಣಸೆಬೀಜ ಬಂದು ಕೂತಿರುತ್ತದೆ. ಹುಣಸೆಬೀಜ ಹೋದರೆ ಅಂಗಿಯ ಗುಂಡಿಗಳು, ಗುಂಡಿ ಹೋದರೆ ಬೀಗ ಕಳೆದುಹೋದ ಕೀಲಿಕೈ. ಯಜಮಾನರು ಒಮ್ಮೆ ಚಹಾಪುಡಿ ಅಂತ ತೆರೆದ ಡಬ್ಬಿಯಲ್ಲಿ ಹಳೆ ಕ್ಯಾಲೆಂಡರಿನ ಹನ್ನೆರಡು ತಿಂಗಳೂ ಚೌಕವಾಗಿ ಕತ್ತರಿಸಿ ಇಟ್ಟದ್ದು ಸಿಕ್ಕಿತು. “ನಿನಗೆ ಖಾಲಿ ಜಾಗ ಕಂಡರೆ ಎಂತ ಆಗ್ತದೆ ಮಾರಾಯ್ತಿ?” ಅಂತ ಕೇಳಿದರು.

ಮೊನ್ನೆ ರೇಷನ್ ಕಾರ್ಡಿನ ಅರ್ಜಿ ಬರೆದು ಬಂಟ್ವಾಳದ ಕಚೇರಿಗೆ ಕೊಟ್ಟೆ. ಗುಮಾಸ್ತರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಕನ್ನಡಕ ಹಣೆಗೇರಿಸಿ, “ಅಮ್ಮ, ಇಲ್ಲಿ ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಅಂತ ಉಂಟಲ್ಲ. ಇದನ್ನು ಯಾಕೆ ತುಂಬಿಸಿದ್ದೀರಿ?” ಅಂದರು.

“ಖಾಲಿ ಇತ್ತು” ಅಂದೆ.

“ಖಾಲಿ ಇರಲಿ ಅಂತಲೇ ಬಿಟ್ಟದ್ದು.”

ಬೇರೆ ಅರ್ಜಿ ಕೊಟ್ಟರು, ಪುಣ್ಯಾತ್ಮರು. ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ನನ್ನ ಜೊತೆಗೇ ನಡೆದು ಬಂತು. ಇದೇ ಮಾತನ್ನು ಬಹಳ ಹಿಂದೆ ಇನ್ನೊಬ್ಬರು ನನಗೆ ಹೇಳಿದ್ದರು, ನಾನು ಕೇಳಿರಲಿಲ್ಲ. ಕೇಳದೇ ಇದ್ದದ್ದರಿಂದ ಒಂದು ಇಡೀ ದೇವಾಲಯದ ಚರಿತ್ರೆಯೇ ಸ್ವಲ್ಪ ಬೇರೆಯಾಯಿತು. ಹತ್ತು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಈಗ ಹೇಳಬಹುದು. ಹೇಳಿ ಮುಗಿಸುವ ಹೊತ್ತಿಗೆ ಅನ್ನಕ್ಕೆ ಇಟ್ಟ ನೀರೂ ಕುದಿಯುತ್ತದೆ.

ತಪ್ಪೆಲ್ಲ ಸಿಸ್ಟರ್ ಬೆನಿಟಾ ಅವರದ್ದು ಅಂತ ನಾನು ಸಣ್ಣವಳಿದ್ದಾಗ ನಂಬಿದ್ದೆ. ಮೂಡುಬಿದಿರೆಯ ಕಾನ್ವೆಂಟಿನಲ್ಲಿ ಅವರು ನಮಗೆ ಕನ್ನಡ ಮತ್ತು ಹೊಲಿಗೆ ಎರಡನ್ನೂ ಕಲಿಸಿದವರು. ಎರಡಕ್ಕೂ ಅವರದ್ದು ಒಂದೇ ನಿಯಮ: ತೂತು ಕಾಣಬಾರದು. ‘ಬಿಟ್ಟ ಸ್ಥಳ ತುಂಬಿರಿ’ ಅಂತ ಪ್ರಶ್ನೆ ಕೊಟ್ಟರೆ, ತಪ್ಪು ಬರೆದವಳ ಬೆರಳಿನ ಗೆಣ್ಣಿಗೆ ಮರದ ಸ್ಕೇಲಿನಲ್ಲಿ ಒಂದು ಪೆಟ್ಟು, ಏನೂ ಬರೆಯದವಳಿಗೆ ಎರಡು. ತಪ್ಪು ಬರೆದವಳು ಯೋಚನೆಯಾದರೂ ಮಾಡಿದ್ದಾಳೆ, ಬರೆಯದವಳು ಕಿಟಕಿ ನೋಡಿದ್ದಾಳೆ, ಎನ್ನುವುದು ಅವರ ನ್ಯಾಯ. ನಾನು ಕಿಟಕಿ ನೋಡುವ ಜಾತಿ. ಎರಡು ತಿಂಗಳಲ್ಲಿ ನನ್ನ ಗೆಣ್ಣುಗಳು ಪಾಠ ಕಲಿತವು. ಆಮೇಲೆ ನಾನು ಒಂದು ಸ್ಥಳವನ್ನೂ ಬಿಟ್ಟವಳಲ್ಲ.

ಹೊಲಿಗೆಯ ಕ್ಲಾಸಿನಲ್ಲಿ ಅವರು ಸಂತರ ಕತೆ ಓದಿ ಹೇಳುತ್ತಿದ್ದರು. ನಾವು ತಲೆ ತಗ್ಗಿಸಿ ಅಂಚು ಹೊಲಿಯುತ್ತ ಕೇಳುವುದು. ಆ ಕತೆಗಳಲ್ಲಿ ಹೆಂಗಸರು ಯಾವಾಗಲೂ ಏನಾದರೂ ಹೊತ್ತುಕೊಂಡಿರುತ್ತಿದ್ದರು. ಒಬ್ಬಳು ರೊಟ್ಟಿ, ಒಬ್ಬಳು ಕಟ್ಟಿಗೆ, ಒಬ್ಬಳು ಕುಷ್ಠರೋಗಿಯನ್ನೇ. ಹೊತ್ತು ಹೊತ್ತು ಕೊನೆಗೆ ಎಲ್ಲರ ಮುಂದೆ ಅವರಿಗೆ ಮಾನ ಸಿಗುತ್ತಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕಾನ್ವೆಂಟು ಕೆಥೊಲಿಕರದ್ದು, ನಾವು ಪ್ರೊಟೆಸ್ಟೆಂಟರು. ನನ್ನ ಬೆಂಚಿನ ಲೂಸಿಗೆ ಅದು ದೊಡ್ಡ ಸೋಜಿಗ. “ನಿಮ್ಮಲ್ಲಿ ಮರಿಯಮ್ಮನ ಮೂರ್ತಿಯೂ ಇಲ್ಲವಂತೆ, ಹೌದಾ? ಮತ್ತೆ ನೀವೆಲ್ಲ ಒಳಗೆ ಕೂತು ಎಂತದನ್ನು ನೋಡುವುದು?” ಅಂತ ಕೇಳಿದಳು.

“ಗೋಡೆ” ಅಂದೆ. ಸುಳ್ಳಲ್ಲ. ನಮ್ಮ ದೇವಾಲಯದಲ್ಲಿ ಸುಣ್ಣ ಬಳಿದ ಬಿಳಿ ಗೋಡೆ, ಒಂದು ಮರದ ಶಿಲುಬೆ, ಮೂಲೆಯಲ್ಲಿ ಕಾಲು ಸಡಿಲಾದ ಹಾರ್ಮೋನಿಯಂ. ಪಾದ್ರಿಗಳ ಪ್ರಸಂಗ, ಅಂದರೆ ಉಪದೇಶ, ಉದ್ದವಾದಾಗ ನಾನು ಸುಣ್ಣದ ಬಿರುಕುಗಳಲ್ಲಿ ನದಿ, ಆನೆ, ಗಡ್ಡದ ಮನುಷ್ಯ ಎಲ್ಲ ಕಂಡಿದ್ದೇನೆ.

ನಮ್ಮೂರು ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ನಡೆಯಬೇಕಾದ ಊರು. ಗುಡ್ಡೆಯ ನೆತ್ತಿಯಲ್ಲಿ ದೇವಾಲಯ, ಇಳಿಜಾರಿನಲ್ಲಿ ನಮ್ಮ ಹತ್ತಿಪ್ಪತ್ತು ಮನೆಗಳು, ಕೆಳಗೆ ಫಲ್ಗುಣಿ ಹೊಳೆ. ಜರ್ಮನಿಯ ಪಾದ್ರಿಗಳು ಬಂದು ಶುರು ಮಾಡಿದ ಕ್ರೈಸ್ತ ಸಭೆ ಅದು. ಪ್ರೆಸ್ಬಿಟೀರಿಯನ್ ಪದ್ಧತಿ ಅನ್ನುತ್ತಾರೆ. ಅಂದರೆ ಮೇಲಿನಿಂದ ಬಿಷಪರ ಆಜ್ಞೆ ಬರುವುದಿಲ್ಲ, ಸಭೆಯವರೇ ಆರಿಸಿದ ಹಿರಿಯರು ಪಾದ್ರಿ ಅಯ್ಯನವರ ಜೊತೆ ಕೂತು ಎಲ್ಲ ತೀರ್ಮಾನ ಮಾಡುವುದು. ಗೋಡೆಗೆ ಸುಣ್ಣ ಯಾವಾಗ, ಯಾರ ಮಗಳ ಮದುವೆ ಎಂದು, ಭಾನುವಾರ ಆರಾಧನೆ ತಪ್ಪಿಸಿ ಕೋಳಿಅಂಕಕ್ಕೆ ಹೋದದ್ದು ಯಾರು, ಎಲ್ಲವೂ ಆ ಹಿರಿಯರ ಲೆಕ್ಕಕ್ಕೆ ಬರುತ್ತಿತ್ತು. ತೀರ್ಮಾನವಾದದ್ದು ಒಂದು ಪುಸ್ತಕಕ್ಕೆ ಏರುತ್ತಿತ್ತು. ಮೊದಲ ಪಾದ್ರಿಯ ಕಾಲದಿಂದ ಬರೆದುಕೊಂಡು ಬಂದ ಆ ದಪ್ಪ ಪುಸ್ತಕವೇ ನಮ್ಮ ದೇವಾಲಯದ ಚರಿತ್ರೆ.

ಸಭೆಗೆ ಎಪ್ಪತ್ತೈದು ವರ್ಷ ತುಂಬುವಾಗ ನಾನು ಏಳನೆಯ ಕ್ಲಾಸು. ಪುಸ್ತಕದ ಪೆಟ್ಟಿಗೆ ಆಗ ತಿಮೊಥಿ ಮಾಸ್ಟ್ರ ವಶದಲ್ಲಿತ್ತು. ಅವರು ಬೆಳ್ತಂಗಡಿಯ ಕಡೆ ಶಾಲೆಗಳಲ್ಲಿ ಮೂವತ್ತು ವರ್ಷ ಕಲಿಸಿ, ನಿವೃತ್ತರಾಗಿ ಊರಿಗೆ ಮರಳಿ ಹಿರಿಯರಾದವರು. ಪೆಟ್ಟಿಗೆ ಅವರ ಕೈಗೆ ಬರುವ ಮೊದಲೇ ಗೆದ್ದಲು, ನಮ್ಮೂರ ಮಾತಿನಲ್ಲಿ ಒರಲೆ, ತನ್ನ ಪಾಲು ತಿಂದಾಗಿತ್ತು. ಮಾಸ್ಟ್ರ ಕಣ್ಣಿಗೆ ಪೊರೆ ಬಂದಿತ್ತು. ಎಪ್ಪತ್ತೈದರ ಹಬ್ಬದ ದಿನ ಮೊದಲ ಪುಟಗಳನ್ನು ಎಲ್ಲರ ಮುಂದೆ ಓದಬೇಕು, ಅದಕ್ಕೆ ಶುದ್ಧ ಪ್ರತಿ ಬೇಕು. ಕಾನ್ವೆಂಟಿನಲ್ಲಿ ಓದುವ ನನ್ನ ಅಕ್ಷರ ಮುತ್ತಿನ ಹಾಗೆ ಅಂತ ನಮ್ಮ ಅಮ್ಮ ಸಿಕ್ಕಿದವರಿಗೆಲ್ಲ ಹೇಳಿಟ್ಟಿದ್ದಳು.

“ಗ್ರೇಸಿ, ಇದ್ದದ್ದನ್ನು ಇದ್ದ ಹಾಗೆ ಬರಿ” ಅಂದರು ಮಾಸ್ಟ್ರು. “ಒರಲೆ ತಿಂದಲ್ಲಿ ಅಷ್ಟೇ ಜಾಗ ಬಿಡು. ಖಾಲಿ ಇರಲಿ.”

ನಾನು ತಲೆಯಾಡಿಸಿದೆ. ದಸರೆಯ ರಜೆಯಿಡೀ ಮನೆಯ ಜಗಲಿಯಲ್ಲಿ ಕೂತು ಬರೆದೆ. ಒಂದು ಪುಟ ತಿರುಗಿಸಿದರೆ ಮಡಿಲಿಗೆ ಹಿಟ್ಟಿನ ಹಾಗೆ ಪುಡಿ ಉದುರುತ್ತಿತ್ತು. ಅಲ್ಲಲ್ಲಿ ಒಂದೊಂದು ಶಬ್ದ ಹೋಗಿತ್ತು, ಅಲ್ಲೆಲ್ಲ ಚುಕ್ಕಿ ಇಟ್ಟೆ. ಐದನೆಯ ಪುಟದಲ್ಲಿ ಮಾತ್ರ ಅಂಗೈಯಗಲದ ತೂತು. ಅದರ ಮೇಲೆ ‘ಸಲೋಮಿ ಎಂಬವಳು’ ಅಂತ ಉಳಿದಿತ್ತು. ತೂತಿನ ನಡುವೆ, ಎಳೆಯಷ್ಟು ಕಾಗದಕ್ಕೆ ಅಂಟಿಕೊಂಡು, ದ್ವೀಪದ ಹಾಗೆ ‘ಮೂರು ತಿಂಗಳು’. ಕೆಳಗೆ ‘ಎಲ್ಲರ ಮುಂದೆ’. ಅಷ್ಟೇ.

ಮೊದಲು ಜಾಗ ಬಿಟ್ಟೆ, ಸತ್ಯವಾಗಿಯೂ ಬಿಟ್ಟೆ. ಎಲ್ಲ ಬರೆದು ಮುಗಿಸಿ, ಮಾಸ್ಟ್ರಿಗೆ ಕೊಡುವ ದಿನ ಮಧ್ಯಾಹ್ನ ಒಮ್ಮೆ ಪುಟ ತಿರುಗಿಸಿ ನೋಡಿದೆ. ಅಷ್ಟು ಒಪ್ಪವಾದ ಸಾಲುಗಳ ನಡುವೆ ಮೂರು ಸಾಲಿನ ಬಿಳಿ ಜಾಗ ನನ್ನನ್ನೇ ನೋಡುತ್ತಿತ್ತು. ಬಲಗೈಯ ಗೆಣ್ಣು ಜುಮ್ಮೆಂದಿತು. ಸಲೋಮಿ ಏನು ಮಾಡಿರಬಹುದು? ಮೂರು ತಿಂಗಳು ಮಾಡುವಂಥದ್ದು, ಎಲ್ಲರ ಮುಂದೆ ಹೇಳುವಂಥದ್ದು ಎಂತ ಇರಬಹುದು? ನಾನು ಆಗಷ್ಟೇ ಹೊಳೆಯಿಂದ ಎರಡು ಕೊಡ ನೀರು ಹೊತ್ತು ಬಂದಿದ್ದೆ. ಕುತ್ತಿಗೆ ಇನ್ನೂ ನೋಯುತ್ತಿತ್ತು. ಪೆನ್ನು ಮಸಿಯಲ್ಲಿ ಅದ್ದಿ ಒಂದೇ ಉಸಿರಿಗೆ ಬರೆದೆ: ‘ಸಲೋಮಿ ಎಂಬವಳು ದೇವಾಲಯದ ಗೋಡೆಯ ಮಣ್ಣು ಕಲಸುವುದಕ್ಕೆ ಮೂರು ತಿಂಗಳು ಹೊಳೆಯಿಂದ ನೀರು ಹೊತ್ತಳು. ಪಾದ್ರಿಗಳು ಎಲ್ಲರ ಮುಂದೆ ಅವಳನ್ನು ಕೊಂಡಾಡಿದರು.’

ಜಾಗಕ್ಕೆ ಸರಿಯಾಗಿ ಕೂತಿತು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಸುಳ್ಳು ಬರೆದೆ ಅನ್ನುವುದು ಹೊಳೆಯಲೇ ಇಲ್ಲ. ಹೊಳೆದದ್ದು ಹಬ್ಬದ ದಿನ, ತಿಮೊಥಿ ಮಾಸ್ಟ್ರು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಿಡಿದು ಆ ಸಾಲನ್ನು ದೊಡ್ಡ ದನಿಯಲ್ಲಿ ಓದಿದಾಗ. ಮಾಸ್ಟ್ರ ಬಾಯಲ್ಲಿ ಅದು ಬೈಬಲಿನ ಹಾಗೆ ಕೇಳಿಸಿತು. ನನ್ನ ಕಿವಿ ಬಿಸಿಯಾಯಿತು. ಯಾರಾದರೂ ಎದ್ದುನಿಂತು “ಇದು ಸುಳ್ಳು” ಅನ್ನುತ್ತಾರೆ ಅಂತ ಹಿಂದೆ ತಿರುಗಿ ನೋಡಿದೆ.

ಯಾರೂ ಏಳಲಿಲ್ಲ. ಕಂಡದ್ದು ಕೊನೆಯ ಬೆಂಚಿನ ಮಾರ್ಥಜ್ಜಿ ಮಾತ್ರ. ಆಗಲೇ ಎಪ್ಪತ್ತು ದಾಟಿದ್ದ ಮಾರ್ಥಜ್ಜಿ ಬಾಗಿಲ ಪಕ್ಕದ ಕೊನೆಯ ಬೆಂಚು ಬಿಟ್ಟು ಬೇರೆಲ್ಲೂ ಕೂತವರಲ್ಲ. ಮುಂದೆ ಎಷ್ಟು ಜಾಗ ಇದ್ದರೂ ಅಲ್ಲೇ. ಅದೂ ಒರಗದೆ, ನೆಟ್ಟಗೆ, ಯಾರೋ ಹೆಸರು ಕರೆದರೆ ಕೂಡಲೇ ಎದ್ದುನಿಲ್ಲಬೇಕು ಅನ್ನುವ ಹಾಗೆ. ನಮ್ಮ ಅಯ್ಯನವರ ಪ್ರಸಂಗಕ್ಕೆ ಹಿರಿಯರೇ ತೂಕಡಿಸುತ್ತಿದ್ದರು, ಮಾರ್ಥಜ್ಜಿ ಒಂದು ದಿನ ಕಣ್ಣು ಮುಚ್ಚಿದ್ದು ನಾನು ನೋಡಿಲ್ಲ. ಆ ದಿನ ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಸೆಕೆ ಇತ್ತು. ಹೊರಗೆ ಬಂದಾಗ ನನ್ನ ಕೈಯಲ್ಲಿ ಒಂದು ಹಿಡಿ ಹುರಿದ ಗೇರುಬೀಜ ಇಟ್ಟು, ತಲೆ ಮುಟ್ಟಿ ಹೋದರು. ಅಕ್ಷರ ಚಂದ ಅಂತ ಕೊಟ್ಟದ್ದು ಅಂದುಕೊಂಡೆ. ಓದು ಬಾರದವರಿಗೆ ಅಕ್ಷರ ಹೇಗೆ ಚಂದ ಕಂಡೀತು ಅನ್ನುವುದು ಹನ್ನೆರಡು ವರ್ಷದವಳಿಗೆ ಹೊಳೆಯುವ ಪ್ರಶ್ನೆ ಅಲ್ಲ.

ಹಳೆಯ ಪುಸ್ತಕ ತೆಗೆದು ನೋಡಿ ಸರಿಮಾಡುವ ಅಂತ ಎರಡು ದಿನ ಬಿಟ್ಟು ಮಾಸ್ಟ್ರ ಮನೆಗೆ ಹೋದೆ. ತಡವಾಗಿತ್ತು. ದೇವರ ಹೆಸರಿರುವ ಪುಸ್ತಕವನ್ನು ಒಲೆಗೆ ಹಾಕುವಂತಿಲ್ಲ, ಪೆಟ್ಟಿಗೆಯಲ್ಲಿಟ್ಟರೆ ಒರಲೆ ಹೊಸದಕ್ಕೂ ಹತ್ತುತ್ತದೆ ಅಂತ ಅವರು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಗೀತೆ ಹಾಡಿಸಿ, ಮನುಷ್ಯರನ್ನು ಹೂಳುವ ಹಾಗೆ ಸಮಾಧಿ ಜಾಗದ ಮೂಲೆಯಲ್ಲಿ ಹೂಳಿಸಿಬಿಟ್ಟಿದ್ದರು. “ಇನ್ನು ನಿನ್ನ ಪ್ರತಿಯೇ ಮೂಲ” ಅಂದರು ಹೆಮ್ಮೆಯಿಂದ. 

ಕೆಥೊಲಿಕರಿಗೆ ಒಂದು ಅನುಕೂಲ ಉಂಟು. ಶನಿವಾರ ಹೋಗಿ ಪಾದ್ರಿಯ ಕಿವಿಯಲ್ಲಿ ಪಾಪ ಹೇಳಿ ಹಗುರಾಗಿ ಬರಬಹುದು. ನಮ್ಮಲ್ಲಿ ಪಾಪ ಹೇಳುವ ಆ ಗೂಡು ಇಲ್ಲ. ನಾನು ಲೂಸಿಯನ್ನು ಹಿಡಿದೆ. “ನೀನು ನಿನ್ನದರ ಜೊತೆ ನನ್ನದೂ ಒಂದು ಹೇಳಿಬಿಡ್ತೀಯಾ?”

“ನಿನ್ನ ಪಾಪ ನಾನು ಹೇಳಿದರೆ, ಅದಕ್ಕೆ ಪ್ರಾಯಶ್ಚಿತ್ತ ಅಂತ ಕೊಟ್ಟ ಜಪ ಯಾರು ಮಾಡುವುದು?”

“ನಾನು ಮಾಡ್ತೇನೆ.”

“ನಿನಗೆ ನಮ್ಮ ಜಪ ಬರುವುದಿಲ್ಲವಲ್ಲ.”

ಕೊನೆಗೆ ಒಂದು ಎಲೆದೊನ್ನೆ ಕರಂಡೆ ಹಣ್ಣಿಗೆ ಒಪ್ಪಿದಳು. ಸೋಮವಾರ ಓಡಿಹೋಗಿ ಕೇಳಿದೆ. ಲೂಸಿ ಹಣ್ಣಿನ ಬಣ್ಣ ಹತ್ತಿದ ನಾಲಗೆಯಲ್ಲಿ, “ಇಲ್ಲ ಮಾರಾಯ್ತಿ. ನನ್ನದೇ ಜಾಸ್ತಿ ಇತ್ತು. ನಿನ್ನದಕ್ಕೆ ಹೊತ್ತು ಸಾಲಲಿಲ್ಲ” ಅಂದಳು.

ಹೀಗೆ ಆ ಪಾಪ ನನ್ನಲ್ಲೇ ಉಳಿಯಿತು. ಉಳಿದು ಬೆಳೆಯಿತು. ಸಲೋಮಿಯ ಸಾಲು ಎಲ್ಲರಿಗೂ ಹಿಡಿಸಿಬಿಟ್ಟಿತ್ತು. ವರ್ಷವರ್ಷವೂ ಸಭೆ ಹುಟ್ಟಿದ ದಿನ ಅದನ್ನು ಓದಿದರು. ಅಯ್ಯನವರು ಅದರ ಮೇಲೆ ಒಂದು ಪ್ರಸಂಗ ಮಾಡಿದರು. ಭಾನುವಾರದ ಶಾಲೆಯ ಹುಡುಗಿಯರಿಗೆ ಸಣ್ಣ ಕೊಡ ಹೊರಿಸಿ ಒಂದು ನಾಟಕ ಕಟ್ಟಿದರು. ಉದ್ದ ಇದ್ದೇನೆ ಅಂತ ನನ್ನನ್ನೇ ಸಲೋಮಿ ಮಾಡಿದರು. ನಾನು ಕಟ್ಟಿದ ಸುಳ್ಳಿನೊಳಗೆ ನಾನೇ ಕೊಡದ ಕೆಳಗೆ ನೆತ್ತಿಯ ಮೇಲೆ ಬಟ್ಟೆಯ ಸಿಂಬೆ ಇಟ್ಟುಕೊಂಡು ನಡೆದೆ, ಕೊಡ ಜಾರಿ ಅಯ್ಯನವರ ಕಾಲಿಗೆ ನೀರು ಚೆಲ್ಲಿದೆ. ನಾಟಕ ಬಹಳ ಸಹಜವಾಗಿತ್ತು ಅಂತ ಎಲ್ಲರೂ ಹೊಗಳಿದರು.

ಆ ವರ್ಷಗಳಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿತ್ತು, ಅದಕ್ಕೆ ಬೆಲೆ ಕೊಡಲಿಲ್ಲ. ಮಾರ್ಥಜ್ಜಿ ಕೊನೆಯ ಬೆಂಚು ಬಿಟ್ಟಿದ್ದರು. ಒಮ್ಮೆಲೇ ಅಲ್ಲ. ಒಂದು ಕ್ರಿಸ್‌ಮಸ್ಸಿಗೆ ಒಂದು ಬೆಂಚು ಮುಂದೆ ಬಂದರು, ಇನ್ನೊಂದು ಮಳೆಗಾಲ ಕಳೆಯುವಾಗ ಇನ್ನೊಂದು. ಕಿವಿ ಮಂದವಾಗಿರಬೇಕು ಅಂದಳು ಅಮ್ಮ.

ಮದುವೆಯಾಗಿ ಬಂಟ್ವಾಳಕ್ಕೆ ಬಂದೆ. ಬಂದದ್ದೇ ಒಂದು ಬಿಡುಗಡೆ. ಸಲೋಮಿ ಗುಡ್ಡೆಯಲ್ಲಿ ಉಳಿದಳು, ನಾನು ಪೇಟೆಯಲ್ಲಿ ಡಬ್ಬಿಗಳನ್ನು ತುಂಬಿಸಿಕೊಂಡು ಇದ್ದೆ. ಮಗ ಹುಟ್ಟಿ ಆರು ತಿಂಗಳಾಗಿತ್ತು, ಆಗ ತಿಮೊಥಿ ಮಾಸ್ಟ್ರ ಕಾರ್ಡು ಬಂತು. ನಡುಗುವ ಅಕ್ಷರ. ದೇವಾಲಯಕ್ಕೆ ಮುಂದೆ ಪೋರ್ಟಿಕೊ ಕಟ್ಟುತ್ತಿದ್ದಾರೆ. ಗೋಡೆಯಲ್ಲಿ ಒಂದು ಕಲ್ಲು ಕೂರಿಸಿ ಚರಿತ್ರೆಯನ್ನು ಐದಾರು ಸಾಲಿನಲ್ಲಿ ಕೆತ್ತಿಸುವುದು. ಕೆತ್ತುವವರಿಗೆ ಸೀಮೆಸುಣ್ಣದಲ್ಲಿ ಬರೆದು ಕೊಡಬೇಕು. ‘ನಿನ್ನ ಅಕ್ಷರವೇ ಆಗಬೇಕೆಂದು ಹಿರಿಯರ ತೀರ್ಮಾನ. ಸಲೋಮಿಯ ಸಾಲು ಖಂಡಿತ ಇರಬೇಕು.’

ಪುಸ್ತಕದ ಸುಳ್ಳನ್ನು ಯಾವತ್ತಾದರೊಂದು ದಿನ ಒರಲೆ ತಿನ್ನುತ್ತದೆ ಅಂತ ನನಗೊಂದು ಆಸೆ ಇತ್ತು. ಕಲ್ಲನ್ನು ಯಾವ ಒರಲೆ ತಿನ್ನುತ್ತದೆ? ಕಾರ್ಡನ್ನು ಯಜಮಾನರ ಕೈಗೆ ಕೊಟ್ಟು, ಮದುವೆಯಾದ ಮೇಲೆ ಮೊದಲ ಸಲ ಎಲ್ಲ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. “ಹೋಗು. ಬರೆಯುವ ಮೊದಲು ಮಾಸ್ಟ್ರಿಗೆ ಹೇಳು. ಬೈದರೆ ಬೈಸಿಕೊಂಡು ಬಾ” ಅಂದರು.

ಶನಿವಾರ ಬೆಳಗ್ಗಿನ ಬಸ್ಸಿಗೆ ಮಗುವನ್ನು ಎತ್ತಿಕೊಂಡು ಹೋದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ಮಗುವನ್ನು ಅಮ್ಮನಿಗೆ ಒಪ್ಪಿಸಿ ಗುಡ್ಡೆ ಹತ್ತುವಾಗಲೂ ಜೋಡಿಸಿಕೊಂಡೆ. ಮೇಲೆ ಹೋದರೆ ಮಾಸ್ಟ್ರು ಇಲ್ಲ, ಊಟಕ್ಕೆ ಹೋಗಿದ್ದಾರೆ. ಗೋಳಿಮರದ ನೆರಳಿನಲ್ಲಿ ಕರಿಕಲ್ಲು ಮಲಗಿತ್ತು, ಎಣ್ಣೆ ಹಚ್ಚಿದ ಹಾಗೆ ನುಣುಪು. ಬೆಳ್ತಂಗಡಿಯಿಂದ ಬಂದ ಅಣ್ಣು ಆಚಾರಿಗಳು ಪಕ್ಕದಲ್ಲಿ ಕೂತು ಉಳಿ ಮಸೆಯುತ್ತಿದ್ದರು. ಸೀಮೆಸುಣ್ಣ ನನ್ನ ಕೈಗೆ ಕೊಟ್ಟು, “ಬೇಗ ಬರೀರಿ ಅಮ್ಮ. ಸಂಜೆಯ ಬಸ್ಸು ಬರುವ ಮೊದಲು ನಾನು ಶುರು ಮಾಡಬೇಕು” ಅಂದರು.

“ನಾನು ಬರೆದದ್ದು ತಪ್ಪಾಗಿದ್ದರೆ ನಿಮಗೆ ಗೊತ್ತಾಗ್ತದಾ ಆಚಾರಿಗಳೇ?”

“ಓದಲಿಕ್ಕೆ ಬರ್ತದೆ. ಕೆತ್ತುವಾಗ ಓದುವುದಿಲ್ಲ. ಓದಿದರೆ ಕೈ ಜಾರ್ತದೆ.”

ಮಾಸ್ಟ್ರು ಕಾಗದದಲ್ಲಿ ಬರೆದಿಟ್ಟಿದ್ದನ್ನು ನೋಡಿ ಒಂದೊಂದೇ ಸಾಲು ಬರೆದೆ. ಮೊದಲ ಪಾದ್ರಿ, ಗುಡ್ಡೆ ಕೊಟ್ಟವರು, ಹಂಚು ಹಾಕಿದ ವರ್ಷ. ಸಲೋಮಿಯ ಸಾಲಿಗೆ ಬಂದಾಗ ‘ಸಲೋಮಿ’ ಅಂತ ಬರೆದೆ, ಸ್ವಲ್ಪ ಜಾಗ ಬಿಟ್ಟು ಮುಂದೆ ‘ಮೂರು ತಿಂಗಳು’ ಅಂತ ಬರೆದೆ. ಉಳಿದಿದ್ದ ಅಕ್ಷರಗಳು ಅವೇ, ಅವು ಸುಳ್ಳಲ್ಲ. ಉಳಿದದ್ದಕ್ಕೆ ಕೈ ಏಳಲಿಲ್ಲ. ಖಾಲಿ ಬಿಟ್ಟು ಕೆಳಗಿನ ಸಾಲಿಗೆ ಹೋದೆ. ಕಾನ್ವೆಂಟಿನ ಸ್ಕೇಲಿನ ನಂತರ ನಾನಾಗಿ ಬಿಟ್ಟು, ತುಂಬದೆ ಉಳಿಸಿದ ಮೊದಲ ಸ್ಥಳ ಅದು. ಗೆಣ್ಣು ನೋಯಲಿಲ್ಲ.

ಅಷ್ಟರಲ್ಲಿ ಕೋಲೂರಿಕೊಂಡು ಮಾರ್ಥಜ್ಜಿ ಬಂದರು. ಎಂಬತ್ತು ದಾಟಿ ಬಾಗಿದ್ದರು. ಕಲ್ಲಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು ತುಳುವಿನಲ್ಲಿ ಕೇಳಿದರು, “ಅಮ್ಮನ ಹೆಸರು ಎಲ್ಲಿ ಬರ್ತದೆ ಬಾಲೆ? ನನ್ನ ಕೈ ಹಿಡಿದು ತೋರಿಸು.”

“ಯಾರ ಅಮ್ಮನ ಹೆಸರು ಅಜ್ಜಿ?”

“ನನ್ನ ಅಮ್ಮಂದು. ಸಲೋಮಿ.”

ಇಷ್ಟು ವರ್ಷ ನನಗೆ ಅದು ಗೊತ್ತಿರಲಿಲ್ಲ. ಪುಸ್ತಕದ ಸಲೋಮಿಗೆ ಮಕ್ಕಳಿರಬಹುದು, ಆ ಮಕ್ಕಳು ನನಗೆ ಗೇರುಬೀಜ ಕೊಡಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ. ಬಸ್ಸಿನಿಂದ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಚೆದುರಿಹೋದವು. ಅವರ ಒಣಗಿದ ಬೆರಳನ್ನು ಹಿಡಿದು ‘ಸಲೋಮಿ’ಯ ಮೇಲೆ ಇಟ್ಟೆ. ಆ ಬೆರಳು ಅಲ್ಲಿರುವಾಗಲೇ ಹೇಳಿಬಿಟ್ಟೆ: “ಅಜ್ಜಿ, ಪುಸ್ತಕದಲ್ಲಿ ಅಲ್ಲಿ ಎಂತ ಇತ್ತು ಅಂತ ನನಗೆ ಗೊತ್ತಿಲ್ಲ. ಒರಲೆ ತಿಂದಿತ್ತು. ನೀರು ಹೊತ್ತದ್ದು, ಕೊಂಡಾಡಿದ್ದು, ಎಲ್ಲ ನಾನೇ ಹುಟ್ಟಿಸಿ ಬರೆದದ್ದು.”

ಮಾರ್ಥಜ್ಜಿ ಬೆರಳು ತೆಗೆಯಲಿಲ್ಲ.

“ಅಲ್ಲಿ ಎಂತ ಇತ್ತು ಅಂತ ನನಗೆ ಗೊತ್ತುಂಟು” ಅಂದರು. “ಸಭೆಗೆ ಐವತ್ತು ತುಂಬಿದಾಗ ಓದಿದ್ದರು. ತಿಮೊಥಿ ಆಗ ಊರಲ್ಲಿರಲಿಲ್ಲ. ನಾನು ಕೊನೆಯ ಬೆಂಚಿನಲ್ಲಿ ಕೂತು ಕೇಳಿದ್ದೇನೆ. ಸಲೋಮಿ ಎಂಬವಳು ಮಗುವಿನ ಜ್ವರಕ್ಕೆ ಗುಡ್ಡೆಯ ದೈವಕ್ಕೆ ಕೋಳಿ ಹರಕೆ ಹೇಳಿದ್ದಕ್ಕೆ ಅವಳನ್ನು ಮೂರು ತಿಂಗಳು ಸಭೆಯಿಂದ ಹೊರಗೆ ಇಟ್ಟರು, ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡಳು ಅಂತ. ಆ ಮಗು ನಾನೇ.”

ಅಜ್ಜಿ ಕೋಲನ್ನು ದೇವಾಲಯದ ಮೆಟ್ಟಲಿನ ಕಡೆ ಎತ್ತಿ ತೋರಿಸಿದರು.

“ಮೂರು ತಿಂಗಳು ಅಮ್ಮ ಆ ಮೆಟ್ಟಲಲ್ಲಿ ಕೂತು ಹಾಡು ಕೇಳಿದಳು. ಒಳಗೆ ಬಾ ಅಂದ ಮೇಲೂ ಬಾಗಿಲ ಹತ್ತಿರವೇ ಕೂತಳು, ಸಾಯುವ ತನಕ. ಅವಳು ಹೋದ ಮೇಲೆ ಆ ಜಾಗ ನಂದು. ಮತ್ತೆ ಎಪ್ಪತ್ತೈದು ತುಂಬಿತಲ್ಲ, ಮತ್ತೆ ಓದ್ತಾರೆ ಅಂತ ಒಂದು ವರ್ಷ ನನಗೆ ಸರಿ ನಿದ್ದೆ ಇಲ್ಲ. ಆ ದಿನ ಬರುವುದು ಬೇಡ ಅಂತಲೇ ಇದ್ದೆ. ಅಮ್ಮನ ಹೆಸರು ಬಂತು. ಮತ್ತೆ ನೋಡಿದರೆ ನೀರು ಹೊತ್ತಳು ಅಂತ ಓದಿದರು.” ಅಜ್ಜಿ ನನ್ನ ಕಡೆ ತಿರುಗಿದರು. “ನೀನು ಗೊತ್ತಿದ್ದೇ ಬದಲಾಯಿಸಿದ್ದು ಅಂತ ತಿಳಿದಿದ್ದೆ. ಐವತ್ತರ ಹಬ್ಬದಲ್ಲಿ ಕೇಳಿದವರು ಬೇರೆಯೂ ಇದ್ದರು. ನಿನ್ನ ಅಜ್ಜಿಯೂ ಇದ್ದಳು. ಯಾರೂ ಬಾಯಿ ಬಿಡಲಿಲ್ಲ.”

“ಆದರೆ ಅದು ಸುಳ್ಳಲ್ಲವಾ ಅಜ್ಜಿ? ಸುಳ್ಳನ್ನು ಕಲ್ಲಿನ ಮೇಲೆ ಹೇಗೆ ಬರೆಯುವುದು?”

“ಯಾವುದು ಸುಳ್ಳು?”

“ನೀರು ಹೊತ್ತದ್ದು.”

ಮಾರ್ಥಜ್ಜಿ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಇಷ್ಟು ಓದಿದವಳಿಗೆ ಇಷ್ಟೂ ಗೊತ್ತಿಲ್ಲವಾ ಅನ್ನುವ ನೋಟ. “ಗುಡ್ಡೆಯ ಮೇಲೆ ಬಾವಿ ಉಂಟಾ? ಆಗಲಾದರೂ ಇತ್ತಾ? ಇಷ್ಟು ದಪ್ಪ ಗೋಡೆಯ ಮಣ್ಣಿಗೆ ನೀರು ಮತ್ತೆ ಯಾರು ತಂದದ್ದು, ಜರ್ಮನಿಯ ಪಾದ್ರಿಯಾ? ಹೆಂಗಸರೇ ಹೊತ್ತದ್ದು. ನಾನು ಇಷ್ಟುದ್ದ ಇದ್ದೆ. ಒಂದು ತೆಂಗಿನ ಗೆರಟೆಯಲ್ಲಿ ನೀರು ಹಿಡಿದುಕೊಂಡು ಅಮ್ಮನ ಹಿಂದೆ ಹತ್ತುತ್ತಿದ್ದೆ. ಮೇಲೆ ಬರುವಾಗ ಗೆರಟೆಯಲ್ಲಿ ಏನೂ ಇರುತ್ತಿರಲಿಲ್ಲ. ಮೂರು ತಿಂಗಳಲ್ಲಿ ಗೋಡೆ ಏಳ್ತದಾ ಮಗಾ? ಎರಡು ಬೇಸಿಗೆ. ನನಗೆ ಜ್ವರ ಬಂದದ್ದು ಗೋಡೆ ಎದ್ದ ಮರುವರ್ಷ.”

“ಇಬ್ಬರು ಸಾಕ್ಷಿ ಬೇಕು” ಅಂತ ಹಿಂದಿನಿಂದ ಒಂದು ದನಿ. ತಿಮೊಥಿ ಮಾಸ್ಟ್ರು ಊಟ ಮುಗಿಸಿ ಬಂದು ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ನಾನು ಎದ್ದುನಿಂತೆ. ಮೂವತ್ತು ವರ್ಷ ಮಕ್ಕಳನ್ನು ನಡುಗಿಸಿದ ಮುಖ ಕೆಂಪಾಗಿತ್ತು.

“ಜಾಗ ಬಿಡು ಅಂದಿದ್ದೆ” ಅಂದರು.

“ಹೌದು ಮಾಸ್ಟ್ರೇ. ತಪ್ಪಾಯಿತು.”

“ಹತ್ತು ವರ್ಷ ನನ್ನ ಬಾಯಿಂದ ಓದಿಸಿದೆ.”

“ಹೌದು ಮಾಸ್ಟ್ರೇ.”

ಅವರು ಕಲ್ಲಿನ ಹತ್ತಿರ ಬಗ್ಗಿ ನಾನು ಬಿಟ್ಟ ಜಾಗವನ್ನು ಬೆರಳಿನಿಂದ ಸವರಿದರು. ಆಮೇಲೆ ಅಂದರು, “ಸಭೆಯ ಕ್ರಮದಲ್ಲಿ ಒಂದು ಮಾತು ಪುಸ್ತಕಕ್ಕೆ ಏರಬೇಕಾದರೆ ಕಂಡವರು ಇಬ್ಬರು ಹೇಳಬೇಕು. ಮಾರ್ಥಕ್ಕ ಒಬ್ಬರಾಯಿತು.” ಮತ್ತೆ ತಮ್ಮ ನೆತ್ತಿಯನ್ನು ಮುಟ್ಟಿಕೊಂಡರು. “ನಮ್ಮ ಅಮ್ಮನ ನೆತ್ತಿಯಲ್ಲಿ ಇಷ್ಟಗಲ ಕೂದಲು ಇರಲಿಲ್ಲ. ಸಣ್ಣವನಿರುವಾಗ ಕೇಳಿದ್ದೆ, ಯಾಕಮ್ಮ ಅಂತ. ದೇವಾಲಯದ ನೀರಿನ ಸಿಂಬೆ ಇಟ್ಟು ಇಟ್ಟು ಹೋಯಿತು ಮಗಾ ಅಂದಿದ್ದಳು. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಬರೆದದ್ದು ಪಾದ್ರಿಗಳು, ನೀರಿನ ಲೆಕ್ಕ ಅವರು ಇಡಲಿಲ್ಲ. ಇಬ್ಬರಾಯಿತು.”

ಅಯ್ಯನವರಿಗೂ ಉಳಿದ ಹಿರಿಯರಿಗೂ ತಾವೇ ಹೇಳುವುದಾಗಿ ತಿಳಿಸಿದರು. ಪುಸ್ತಕದ ಐದನೆಯ ಪುಟದ ಅಂಚಿನಲ್ಲಿ ನಾನೇ ನನ್ನ ಕೈಯಾರೆ, ಈ ಸಾಲು ಮೂಲದಲ್ಲಿ ಇರಲಿಲ್ಲ, ನೀರು ಹೊತ್ತದ್ದಕ್ಕೆ ಸಾಕ್ಷಿ ಆಮೇಲೆ ಸಿಕ್ಕಿದ್ದು ಅಂತ ಟಿಪ್ಪಣಿ ಹಾಕಬೇಕು ಅಂತಲೂ ಅಂದರು. ಕಲ್ಲಿಗೆ ಅಂತ ಬರೆದಿಟ್ಟ ಕಾಗದದಲ್ಲಿ ‘ಕೊಂಡಾಡಿದರು’ ಅನ್ನುವುದನ್ನು ಹೊಡೆದುಹಾಕಿಸಿದರು. ಯಾರೂ ಕೊಂಡಾಡಿರಲಿಲ್ಲ. ಸಲೋಮಿಯ ಹೆಸರಿನ ಪಕ್ಕ ‘ಮೊದಲಾದ ಹೆಂಗಸರು’ ಅಂತ ಸೇರಿಸಿದರು. ಅದನ್ನು ನಾನು ಕಲ್ಲಿನ ಮೇಲೆ ಬರೆದೆ. ಮಾರ್ಥಜ್ಜಿಗೆ ಓದಿ ಹೇಳಿದೆ: “ಸಲೋಮಿ ಮೊದಲಾದ ಹೆಂಗಸರು ಮೂರು ತಿಂಗಳು...”

“ಅದು ಬೇಡ” ಅಂದರು ಅಜ್ಜಿ.

“ಯಾವುದು?”

“ಆ ಮೂರು ತಿಂಗಳು. ಅದು ನೀರಿನದ್ದಲ್ಲ. ಮೆಟ್ಟಲಿನದ್ದು. ಅದನ್ನು ತೆಗಿ.”

ನಾನು ಸೆರಗಿನ ತುದಿಯನ್ನು ನಾಲಗೆಗೆ ತಾಗಿಸಿ ಒರೆಸಿದೆ. ಎರಡು ಶಬ್ದ ಹೋಗಿ ಕಲ್ಲಿನ ಮೇಲೆ ಒದ್ದೆ ಗುರುತು ಉಳಿಯಿತು, ಬಿಸಿಲಿಗೆ ಅದೂ ಆರಿತು. ‘ಸಲೋಮಿ ಮೊದಲಾದ ಹೆಂಗಸರು’ ಅಂತ ಇಲ್ಲಿ, ‘ಹೊಳೆಯಿಂದ ನೀರು ಹೊತ್ತರು’ ಅಂತ ಅಲ್ಲಿ. ನಡುವೆ ನಾಲ್ಕು ಬೆರಳಿನಷ್ಟು ಜಾಗ.

ಆಚಾರಿಗಳು ಉಳಿ ಹಿಡಿದು ಬಂದು, ಓದುವುದಿಲ್ಲ ಅಂದವರು ಓದಿಯೇ ನೋಡಿ, “ಇಲ್ಲಿ ಖಾಲಿ ಬಂತಲ್ಲ ಅಮ್ಮ. ಒಂದು ಹೂವಿನ ಬಳ್ಳಿ ಕೆತ್ತಬೇಕಾ?” ಅಂತ ಕೇಳಿದರು.

“ಬೇಡ. ಹಾಗೇ ಇರಲಿ” ಅಂದೆ. ಈಗಲೂ ಹಾಗೇ ಉಂಟು. ಹೊಸಬರು ಬಂದವರು ಅಳತೆ ತಪ್ಪಿದೆ ಅನ್ನುತ್ತಾರಂತೆ. ಅನ್ನಲಿ.

ಟಿಪ್ಪಣಿಯನ್ನು ಅವತ್ತೇ ಸಂಜೆ ಮಾಸ್ಟ್ರ ಜಗಲಿಯಲ್ಲಿ ಕೂತು ಬರೆದೆ. ಮಾಸ್ಟ್ರು ಹೊಸ ಮಸಿಯನ್ನು ಮೂಸಿ ನೋಡಿ ಪುಸ್ತಕ ಮುಚ್ಚಿದರು. ಬೈಯಲಿಲ್ಲ. ಹೋಗುವಾಗ, “ಅಕ್ಷರ ಮಾತ್ರ ಈಗಲೂ ಚಂದ ಉಂಟು” ಅಂದರು. ಗುಡ್ಡೆ ಇಳಿಯುವಾಗ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮನೆಗೆ ಹೋದವಳು ಮಗುವಿನ ಪಕ್ಕ ಬಿದ್ದುಕೊಂಡು, ಅಮ್ಮ ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲವಂತೆ.

ಮರುದಿನ ಭಾನುವಾರ ಆರಾಧನೆಗೆ ಹೋದೆ. ಕೊನೆಯ ಬೆಂಚು ನೋಡಿದೆ, ನಡುವಿನ ಬೆಂಚುಗಳನ್ನು ನೋಡಿದೆ, ಮಾರ್ಥಜ್ಜಿ ಕಾಣಲಿಲ್ಲ. ನಿನ್ನೆಯ ಬಿಸಿಲಿಗೆ ಜ್ವರ ಬಂತೋ ಏನೋ ಅಂತ ಗಾಬರಿಯಾಯಿತು. ಅಯ್ಯನವರ ಪ್ರಸಂಗ ಅರ್ಧಕ್ಕೆ ಬಂದಾಗ ಎದುರಿನಿಂದ ಒಂದು ಸಣ್ಣ ಸದ್ದು, ಹಾರ್ಮೋನಿಯಂನ ಗಾಳಿ ಸೋರಿದ ಹಾಗೆ. ಎಲ್ಲರೂ ಕತ್ತು ಉದ್ದ ಮಾಡಿದರು. ಹೆಂಗಸರ ಕಡೆಯ ಮೊದಲನೆಯ ಬೆಂಚಿನಲ್ಲಿ, ಬೆನ್ನನ್ನು ಪೂರ್ತಿ ಹಿಂದಕ್ಕೆ ಒರಗಿಸಿ, ಬಾಯಿ ಸ್ವಲ್ಪ ತೆರೆದು, ಮಾರ್ಥಜ್ಜಿ ಗಾಢವಾಗಿ ನಿದ್ದೆ ಹೋಗಿದ್ದರು. ಅಯ್ಯನವರು ಒಂದು ಕ್ಷಣ ನಿಲ್ಲಿಸಿದರು. ಮತ್ತೆ ದನಿ ತಗ್ಗಿಸಿ ಮುಂದುವರಿಸಿದರು.